ಸಾಕಿದಪ್ಪನ ಹಾಡೇ ಗುರುತು

ಪ್ರಶ್ನೆ: ಮಗ ಜಾಂಬಿಯಾದಲ್ಲಿ ಕೆಲಸದಲ್ಲಿದ್ದಾನೆ. ಫೆಬ್ರುವರಿಯಲ್ಲಿ ನಾವು ಹೋಗಿದ್ದಾಗ ಲಿವಿಂಗ್‌ಸ್ಟನ್ ಪಟ್ಟಣದ ಹೊರಗೆ ಒಂದು ಮರದ ತುದಿಯಲ್ಲಿ ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಕೂತು ಹಾಡುತ್ತಲೇ ಇತ್ತು. ಮೈಯೆಲ್ಲ ಕಪ್ಪು, ಕೊಕ್ಕು ಕಾಲು ಕೆಂಪು. ‘ನಿಮ್ಮ ಕೋಗಿಲೆಯಂತೆ ಇದೂ ಬೇರೆ ಹಕ್ಕಿಯ ಗೂಡಲ್ಲೇ ಮೊಟ್ಟೆ ಇಡೋದು’ ಎಂದ ಗೈಡ್. ಹೆತ್ತವರ ಮುಖವನ್ನೇ ನೋಡದ ಮರಿಗೆ ತನ್ನವರು ಯಾರೆಂದು ಹೇಗೆ ತಿಳಿಯುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕೊಕ್ಕು, ಕಾಲು ಎರಡೂ ಕೆಂಪು ಎಂದು ಬರೆದು ಉಪಕಾರ ಮಾಡಿದಿರಿ. ಆ ಕಡೆ ಇದೇ ರೂಪದ ಇನ್ನೆರಡು ಹಕ್ಕಿಗಳಿವೆ, ಅವುಗಳ ಕೊಕ್ಕು ಬಿಳಿ. ನೀವು ನೋಡಿದ್ದು ವಿಲೇಜ್ ಇಂಡಿಗೊಬರ್ಡ್ ಗಂಡು. ಬಿಸಿಲು ಸರಿಯಾಗಿ ಬಿದ್ದಿದ್ದರೆ ಆ ಕಪ್ಪಿನಲ್ಲಿ ನೀಲಿ ಹೊಳಪು ಕಾಣುತ್ತಿತ್ತು. ಹೆಣ್ಣು ಹತ್ತಿರದಲ್ಲೇ ಇದ್ದಿರಬಹುದು. ಗುಬ್ಬಿಯಂಥ ಕಂದು ಗೆರೆಗಳ ಮೈ, ಕಣ್ಣಿಗೆ ಬೀಳುವುದಿಲ್ಲ.

ಇದರ ಮರಿಗಳನ್ನು ಸಾಕುವುದು ಕೆಂಪು ಕೊಕ್ಕಿನ ಫೈರ್‌ಫಿಂಚ್. ಗುಡಿಸಲುಗಳ ಅಂಗಳದಲ್ಲಿ ಹುಲ್ಲುಬೀಜ ಹೆಕ್ಕುತ್ತ ಓಡಾಡುವ ಪುಟ್ಟ ಹಕ್ಕಿ, ನಮ್ಮ ರಾಟವಾಳಗಳ ಬಳಗದ್ದು. ಪೊದೆಯಲ್ಲೋ ಹುಲ್ಲುಮಾಡಿನ ಸಂದಿಯಲ್ಲೋ ಉಂಡೆಯಂಥ ಗೂಡು ಕಟ್ಟುತ್ತದೆ. ಇಂಡಿಗೊಬರ್ಡ್ ಹೆಣ್ಣು ಅದರೊಳಗೆ ನುಸುಳಿ ತನ್ನ ಬಿಳಿ ಮೊಟ್ಟೆಯನ್ನು ಆ ಬಿಳಿ ಮೊಟ್ಟೆಗಳ ಜೊತೆಗೇ ಇಟ್ಟು ಹೋಗುತ್ತದೆ. ಹುಟ್ಟಿದ ಮರಿ ಯಾರನ್ನೂ ಹೊರಗೆ ತಳ್ಳುವುದಿಲ್ಲ, ಮನೆಮಕ್ಕಳ ಜೊತೆಯಲ್ಲೇ ಬೆಳೆಯುತ್ತದೆ. ಬಾಯಿ ತೆರೆದಾಗ ನೋಡಬೇಕು! ಅಂಗುಳಿನ ಮೇಲೆ ಕಪ್ಪು ಚುಕ್ಕೆಗಳು, ಬಾಯಂಚಿನಲ್ಲಿ ಹೊಳೆಯುವ ಗಂಟುಗಳು, ಎಲ್ಲವೂ ಫೈರ್‌ಫಿಂಚ್ ಮರಿಯ ಬಾಯಲ್ಲಿರುವ ಹಾಗೆಯೇ. ಈ ಬಳಗದ ಮರಿಗಳು ಕತ್ತು ತಿರುಚಿ, ತಲೆ ತಲೆಕೆಳಗಾಗಿಸಿ ತುತ್ತು ಬೇಡುತ್ತವೆ. ಇದೂ ಹಾಗೇ ಬೇಡುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಕಾಗೆಯ ತುತ್ತು ತಿಂದು ಬೆಳೆದ ಗಂಡು ಕೋಗಿಲೆ ಕೊನೆಗೆ ಕುಹೂ ಎಂದೇ ಕೂಗುತ್ತದೆ, ಆ ಕೂಗು ಹುಟ್ಟಿನಿಂದಲೇ ಬಂದದ್ದು. (ನಮ್ಮ ಕವಿಗಳು ಒಪ್ಪಲಿಕ್ಕಿಲ್ಲ, ಆದರೆ ಪಕ್ಷಿಶಾಸ್ತ್ರದ ‘ಹಾಡುಹಕ್ಕಿ’ಗಳ ಗುಂಪಿಗೆ ಸೇರುವುದು ಕಾಗೆ, ಕೋಗಿಲೆಯಲ್ಲ.) ಇಂಡಿಗೊಬರ್ಡ್ ನಿಜವಾದ ಹಾಡುಹಕ್ಕಿ, ಹಾಡನ್ನು ಕೇಳಿ ಕಲಿಯುತ್ತದೆ. ಗೂಡಿನಲ್ಲಿ ಕಿವಿಗೆ ಬಿದ್ದದ್ದು ಸಾಕಿದಪ್ಪನ ಹಾಡು. ದೊಡ್ಡದಾದ ಗಂಡು ಅದನ್ನೇ ಹಾಡುತ್ತದೆ, ನಡುವೆ ತನ್ನ ಜಾತಿಯ ಚಿಲಿಪಿಲಿಯನ್ನೂ ಸೇರಿಸುತ್ತದೆ. ಅಂಥದೇ ಗೂಡಿನಲ್ಲಿ ಬೆಳೆದ ಹೆಣ್ಣಿಗೆ ಆ ಹಾಡು ತವರಿನ ದನಿ. ಕೇಳಿದ ಮರಕ್ಕೆ ಬಂದು ಕೂಡುತ್ತದೆ, ಆಮೇಲೆ ಮೊಟ್ಟೆಯಿಡಲು ಫೈರ್‌ಫಿಂಚ್ ಗೂಡನ್ನೇ ಹುಡುಕಿಕೊಂಡು ಹೋಗುತ್ತದೆ. ನೀವು ಕಂಡ ಗಂಡು ಮರ ಬಿಟ್ಟು ಕದಲದೆ ಹಾಡುತ್ತಿದ್ದುದು ಇದಕ್ಕೇ. ಹೆಣ್ಣುಗಳೇ ಬಂದು ಆರಿಸುತ್ತವೆ, ಕೆಲವೇ ಗಂಡುಗಳ ಪಾಲಿಗೆ ಬಹುಪಾಲು ಜೋಡಿಗಳು.

ಇದು ಬರೀ ಊಹೆಯಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಮತ್ತು ಸಂಗಡಿಗರು ಇಂಡಿಗೊಬರ್ಡ್ ಮರಿಗಳನ್ನು ಬೆಂಗಾಲೀಸ್ ಫಿಂಚ್‌ಗಳಿಂದ ಸಾಕಿಸಿದರು. ಹೆಸರಲ್ಲಿ ಬಂಗಾಳವಿದ್ದರೂ ಇದು ಜಪಾನಿನಲ್ಲಿ ಪಳಗಿದ ಪಂಜರದ ಹಕ್ಕಿ. ಇದರ ಕಾಡುಮೂಲವಾದ ಬಿಳಿಬೆನ್ನಿನ ರಾಟವಾಳ ನಮ್ಮ ಮಲೆನಾಡಲ್ಲೂ ಇದೆ. ಈ ಫಿಂಚ್‌ಗಳ ಗೂಡಲ್ಲಿ ಬೆಳೆದ ಇಂಡಿಗೊಬರ್ಡ್ ಗಂಡುಗಳು ಬೆಂಗಾಲೀಸ್ ಫಿಂಚ್ ಹಾಡನ್ನೇ ಹಾಡಿದವು. ಹೆಣ್ಣುಗಳು ಆ ಹಾಡಿಗೇ ಒಲಿದವು, ಮೊಟ್ಟೆಯಿಟ್ಟದ್ದೂ ಆ ಗೂಡುಗಳಲ್ಲೇ.

ಹಾಗಾದರೆ ಕಾಡಿನಲ್ಲಿ ಒಂದು ಹೆಣ್ಣು ದಾರಿ ತಪ್ಪಿ ಬೇರೆ ಫಿಂಚ್‌ನ ಗೂಡಲ್ಲಿ ಮೊಟ್ಟೆಯಿಟ್ಟರೆ? ಮರಿಗಳು ಬದುಕಿಕೊಂಡರೆ ಹೊಸ ಹಾಡು ಕಲಿಯುತ್ತವೆ, ಆ ಹಾಡು ಬಲ್ಲವರನ್ನೇ ಕೂಡುತ್ತವೆ, ಹಳೆಯ ನೆಂಟರಿಂದ ಬೇರೆಯಾಗುತ್ತವೆ. ಮೈಕೇಲ್ ಸೊರೆನ್ಸನ್, ಪೇನ್ ಮುಂತಾದವರು 2003ರಲ್ಲಿ ಡಿಎನ್‌ಎ ಆಧಾರದಿಂದ ತೋರಿಸಿದ್ದೂ ಇದನ್ನೇ: ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವ ಇಂಡಿಗೊಬರ್ಡ್ ಜಾತಿಗಳು ಹೀಗೆ ಮನೆ ಬದಲಿಸಿಯೇ ಹುಟ್ಟಿಕೊಂಡಿವೆ.

ಮುಂದಿನ ಸಲ ಹೋದಾಗ ಆ ಹಾಡನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಅಂಗಳದ ಕೆಂಪು ಹಕ್ಕಿಯ ಹಾಡನ್ನೂ ಕೇಳಿ, ಎರಡನ್ನೂ ಹೋಲಿಸಿ ನೋಡಿ.