ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ‘ಬಾರೇ ಬಾರೇ’ ಹಾಡು ಗಾಳಿಯಲ್ಲಿ ತೇಲಿದಂತೆ ಕಾಣುವುದು ಹೇಗೆ?

ಕ್ಯಾಮೆರಾವನ್ನು ಮಾಮೂಲಿಗಿಂತ ಜೋರಾಗಿ ಓಡಿಸಿ ತೆಗೆದಿದ್ದಾರೆ, ಅದಕ್ಕೇ ಹಾಗೆ. ಈ ಹಾಡು ಇರುವ 1972ರ ‘ನಾಗರಹಾವು’ ಸಿನಿಮಾದ ಛಾಯಾಗ್ರಾಹಕರು ಆರ್. ಚಿಟ್ಟಿಬಾಬು.

ಥಿಯೇಟರಿನಲ್ಲಿ ಸೆಕೆಂಡಿಗೆ ರೀಲಿನ 24 ಬಿಡಿ ಚಿತ್ರಗಳು ಓಡುತ್ತವೆ. ತೆಗೆಯುವಾಗ, ಉದಾಹರಣೆಗೆ, 48 ತೆಗೆದರೆ ಒಂದು ಸೆಕೆಂಡಿನ ಓಟ ತೆರೆಯ ಮೇಲೆ ಎರಡು ಸೆಕೆಂಡು ಆಗುತ್ತದೆ. ಕೇಳಲು ಸುಲಭ ಅಲ್ವಾ? ಕಷ್ಟ ಇರುವುದು ಬೆಳಕಿನಲ್ಲಿ. ವೇಗ ಎರಡು ಪಟ್ಟಾದರೆ ಪ್ರತಿ ಚಿತ್ರಕ್ಕೆ ಸಿಗುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಜಾಸ್ತಿ ಬೆಳಕು ಬೇಕು, ಇಲ್ಲವೇ ಲೆನ್ಸಿನ ಕಿಂಡಿ ಹಿಗ್ಗಿಸಬೇಕು. ಕೋಟೆಯ ಬಯಲಲ್ಲಿ ಒಂದು ಮೋಡ ಅಡ್ಡ ಬಂದರೂ ಈ ಲೆಕ್ಕವೆಲ್ಲ ಮತ್ತೆ ಮೊದಲಿಂದ. ರೀಲೂ ಎರಡು ಪಟ್ಟು ಖರ್ಚು.

ಆಗ ಸೆಟ್ಟಿನಲ್ಲೇ ನೋಡಿ ತಿದ್ದಿಕೊಳ್ಳಲು ಮಾನಿಟರ್ ಇರಲಿಲ್ಲ. ಲ್ಯಾಬಿನಲ್ಲಿ ರೀಲು ತೊಳೆದ ಮೇಲೆಯೇ ಹಾಡು ಹೇಗೆ ಬಂದಿದೆ ಎಂದು ಗೊತ್ತಾಗುತ್ತಿತ್ತು.