ಟ್ರಾನ್ಸ್‌ಫಾರ್ಮರ್ ಆಯಿಲ್‌ನಲ್ಲಿ ಗಂಧಕ ಇದ್ದರೆ ಟ್ರಾನ್ಸ್‌ಫಾರ್ಮರ್ ಕೆಟ್ಟುಹೋಗುತ್ತದೆಯೇ?

ಗಂಧಕ ಇದೆ ಅಂದಮಾತ್ರಕ್ಕೆ ಕೆಡುವುದಿಲ್ಲ. ತಾಮ್ರವನ್ನು ಹಿಡಿದುಕೊಳ್ಳುವ ಜಾತಿಯ ಗಂಧಕ ಇದ್ದರೆ ಮಾತ್ರ ಅಪಾಯ.

ಕಚ್ಚಾ ತೈಲದಿಂದ ಮಾಡಿದ ಆಯಿಲ್‌ನಲ್ಲಿ ಗಂಧಕದ ಸಂಯುಕ್ತಗಳು ಅಷ್ಟಿಷ್ಟು ಇದ್ದೇ ಇರುತ್ತವೆ. ಥಯೋಫೀನ್‌ನಂಥವು ತಮ್ಮ ಪಾಡಿಗೆ ಸುಮ್ನೆ ಇರುತ್ತವೆ. ತರಲೆ ಮಾಡುವುದು ಡೈಬೆಂಜೈಲ್ ಡೈಸಲ್ಫೈಡ್‌ನಂಥವು.

ಟ್ರಾನ್ಸ್‌ಫಾರ್ಮರ್ ಒಳಗೆ ತಾಮ್ರದ ವೈಂಡಿಂಗ್‌ಗೆ (ಸುರುಳಿಯಾಗಿ ಸುತ್ತಿದ ತಂತಿಗೆ) ಕಾಗದ ಸುತ್ತಿರುತ್ತಾರೆ. ಬಿಸಿ ಜಾಸ್ತಿಯಾದಾಗ ಈ ಗಂಧಕ ತಾಮ್ರದ ಜೊತೆ ಸೇರಿ ಕಾಪರ್ ಸಲ್ಫೈಡ್ ಆಗುತ್ತದೆ. ತಾಮ್ರ ಸವೆಯುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಸಲ್ಫೈಡ್ ಹೋಗಿ ಕಾಗದದ ಮೇಲೆ, ಅದರ ಪದರಗಳ ಒಳಗೂ ಕೂರುತ್ತದೆ. ಈ ಸಲ್ಫೈಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಕರೆಂಟ್ ತಡೆಯಬೇಕಾದ ಕಾಗದವೇ ದಾರಿ ಬಿಟ್ಟರೆ ಪಕ್ಕಪಕ್ಕದ ಸುತ್ತುಗಳು ಶಾರ್ಟ್ ಆಗಲೇಬೇಕಲ್ವಾ? ಬಿಚ್ಚಿ ನೋಡಿದರೆ ಕಾಗದದ ಮೇಲೆ ಬೂದುಗಪ್ಪು ಬಣ್ಣದ, ಲೋಹದಂತೆ ಮಿನುಗುವ ಕಲೆಗಳು ಕಾಣುತ್ತವೆ. ಆಯಿಲ್‌ನಲ್ಲಿ ಕರಗಿದ ಅನಿಲ ಅಳೆಯುವ ಮಾಮೂಲಿ ಪರೀಕ್ಷೆಯಲ್ಲಿ ಇದರ ಸುಳಿವು ಎಷ್ಟೋ ಸಲ ಮೊದಲೇ ಸಿಗುವುದಿಲ್ಲ. ನಿಜವಾದ ತಲೆನೋವು ಇದೇ.

ಹಿಂದೆ ತಾಮ್ರದ ಪಟ್ಟಿಯನ್ನು ಆಯಿಲ್‌ನಲ್ಲಿ 140 ಡಿಗ್ರಿ ಸೆಲ್ಸಿಯಸ್‌ನಲ್ಲಿ 19 ಗಂಟೆ ಇಟ್ಟು, ಕಪ್ಪಾಯಿತೇ ಎಂದು ನೋಡುತ್ತಿದ್ದರು. ಅದರಲ್ಲಿ ಪಾಸಾದ ಆಯಿಲ್‌ಗಳೂ ಆಮೇಲೆ ಕೈಕೊಟ್ಟವು. ಹಾಗಾಗಿ ಈಗ 150 ಡಿಗ್ರಿಯಲ್ಲಿ 48 ಗಂಟೆ, ಕಾಗದ ಸುತ್ತಿದ ತಾಮ್ರವಾದರೆ 72 ಗಂಟೆ ಇಡುತ್ತಾರೆ.

ಪರಿಹಾರಕ್ಕೆ ಆಯಿಲ್ ಬದಲಿಸಬಹುದು. ಇಲ್ಲವೇ ತಾಮ್ರದ ಮೇಲೆ ತೆಳುವಾದ ರಕ್ಷಣಾ ಪದರ ಕಟ್ಟುವ ಪ್ಯಾಸಿವೇಟರ್ ಬೆರೆಸಬಹುದು. ಅದು ಕಾಲಕ್ರಮೇಣ ಖರ್ಚಾಗುತ್ತದೆ, ಆಗಾಗ ಅಳೆಯುತ್ತಿರಬೇಕು. ಆಗಲೇ ಕಾಗದಕ್ಕೆ ಹಿಡಿದಿರುವ ಸಲ್ಫೈಡ್ ಮಾತ್ರ ಇದರಿಂದ ಹೋಗುವುದಿಲ್ಲ.