ಫಾರ್ಮ್ ಡಿ ಓದಿದವರು ಆಸ್ಪತ್ರೆಯಲ್ಲಿ ಮಾಡುವುದೇನು?

ಆರು ವರ್ಷ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಓದಿದ ಮಗಳು ಕೊನೆಗೆ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತು ಮಾತ್ರೆ ಎಣಿಸಬೇಕೇ ಎಂದು ಕೇಳಿದ್ದೀರಿ. ಇಲ್ಲ. ಕ್ಲಿನಿಕಲ್ ಫಾರ್ಮಸಿಸ್ಟ್ ಜಾಗ ವಾರ್ಡಿನಲ್ಲಿ.

ನಾನು ಇದೇ ಕೆಲಸದಲ್ಲಿದ್ದೇನೆ. ರೋಗಿ ಮನೆಯಿಂದ ತಂದ ಔಷಧಿಯ ಚೀಲ ಬಿಚ್ಚುವುದರಿಂದ ನಮ್ಮ ದಿನ ಶುರು. ಒಂದೇ ಮಾತ್ರೆ ಎರಡು ಬ್ರಾಂಡ್ ಹೆಸರಿನಲ್ಲಿ, ಇಬ್ಬರು ವೈದ್ಯರ ಚೀಟಿಯಲ್ಲಿ ಸಿಗುವುದು ಅಪರೂಪವೇನಲ್ಲ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿರುವವರಿಗೆ ಭೇದಿಯೆಂದು ಮೆಟ್ರೊನಿಡಜೋಲ್ ಬರೆದಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅದನ್ನು ಗುರುತಿಸಿ ವೈದ್ಯರಿಗೆ ಹೇಳಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಮೇಲೆ ಕಣ್ಣಿಡಬೇಕು. ಬಿಡುಗಡೆಯ ದಿನ ಅದೇ ರೋಗಿ "ಸೊಪ್ಪಿನ ಸಾರು ಬಿಡಬೇಕೇ?" ಎನ್ನುತ್ತಾರೆ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್ ಪರಿಣಾಮವನ್ನು ತಗ್ಗಿಸುತ್ತದೆ. ಹಾಗೆಂದು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ ತಿಂದು ಮರುವಾರ ಮುಟ್ಟದಿರುವುದು ಬೇಡ ಎಂದು ತಿಳಿಸುವುದೂ ನಮ್ಮ ಪಾಲಿನದೇ.

ಮೂತ್ರಪಿಂಡ ಸೋತವರಿಗೆ ಪ್ರಮಾಣ ಲೆಕ್ಕ ಹಾಕುವುದು, ಅಡ್ಡಪರಿಣಾಮಗಳನ್ನು ವರದಿ ಮಾಡುವುದು ಇದ್ದೇ ಇದೆ. ಚೀಟಿ ಬದಲಿಸುವ ಅಧಿಕಾರ ಮಾತ್ರ ವೈದ್ಯರದು. ನಾವು ಸೂಚಿಸಬಹುದು ಅಷ್ಟೇ. ಹಿರಿಯ ವೈದ್ಯರೆದುರು ಅಳುಕದೆ, ಸೊಕ್ಕೂ ತೋರದೆ ಹೇಳುವುದನ್ನು ಕಲಿಯಲು ನನಗೇ ಎರಡು ವರ್ಷ ಬೇಕಾಯಿತು.

ಭಾರತದಲ್ಲಿ ಈ ಕೋರ್ಸ್ ಶುರುವಾದದ್ದು 2008ರಲ್ಲಿ. ಎಲ್ಲ ಆಸ್ಪತ್ರೆಗಳಲ್ಲೂ ಈ ಹುದ್ದೆಯಿಲ್ಲ, ಆರಂಭದ ಸಂಬಳವೂ ಓದಿಗೆ ತಕ್ಕಷ್ಟಿಲ್ಲ. ಇಂಟರ್ನ್‌ಶಿಪ್‌ಗೆ ರೌಂಡ್ಸ್‌ನಲ್ಲಿ ಫಾರ್ಮಸಿಸ್ಟ್‌ಗಳನ್ನು ನಿಜಕ್ಕೂ ಸೇರಿಸಿಕೊಳ್ಳುವ ಆಸ್ಪತ್ರೆಯನ್ನೇ ಹುಡುಕಲು ಮಗಳಿಗೆ ಹೇಳಿ.